ಬ್ರಾಕೆಟ್ ಒಂದು, ಕುಂಡ ಇಡಲು

ಅಳತೆ ಬರೆಯುವ ಪುಸ್ತಕ ನನ್ನದು.
ಮಂಡ್ಯದ ಗುತ್ತಲು ರಸ್ತೆಯಲ್ಲಿ, ಟೈರಿನಂಗಡಿ ಪಕ್ಕ,
ಅಫ್ಸರ್ ಪಾಷ ಬೆಂಕಿಯಲ್ಲಿ ಹೊಲಿಯುತ್ತಾನೆ,
ನಾನು ಪೆನ್ಸಿಲಿನಲ್ಲಿ.
ಅಡಿ, ಇಂಚು, ನೂಲು.
ಇಂಚನ್ನು ಎಂಟು ಸೀಳಿದರೆ ಒಂದು ನೂಲು.
ಕಬ್ಬಿಣಕ್ಕೆ ನೂಲಿನ ಲೆಕ್ಕ ಇಟ್ಟವನು
ಮಗ್ಗ ಬಿಟ್ಟು ಬಂದವನಿರಬೇಕು.

ಆ ಮನೆಗೆ ಹೋದಾಗ
ಒಳಗಿನ ಮೆಟ್ಟಿಲಿಗೆ ಇಟ್ಟಿಗೆ ಕಟ್ಟಿ ಆಗಿತ್ತು,
ಗಾರೆ ಇನ್ನೂ ಹಸಿ.
ಅಣ್ಣ ಚಿಕ್ಕಬೋರಯ್ಯ ಕೆಳಗೆ, ತಮ್ಮ ಜವರಯ್ಯ ಮೇಲೆ.
ಮೇಲಿನವರು ಮೂರು ದಿನದಿಂದ
ಬಿದಿರೇಣಿಯಲ್ಲಿ ಹತ್ತಿ ಇಳಿಯುತ್ತಿದ್ದರು,
ಹಾಲಿನ ಕ್ಯಾನು ಹಗ್ಗದಲ್ಲಿ.

"ಮುಂದ್ಗಡೆ ಬ್ಯಾಡ, ನಮ್ ಬಾಗ್ಲಿಗೆ ಅಡ್ಡ."
"ಹಿಂದ್ಗಡೆ ಬ್ಯಾಡ, ಬಚ್ಚಲ ನೀರು ನಿಲ್ತದೆ."
ಇಬ್ಬರೂ ನನ್ನ ಮುಖ ನೋಡಿಯೇ ಹೇಳಿದರು,
ನಡುವೆ ನಾನೊಂದು ಗೋಡೆ ಅನ್ನುವ ಹಾಗೆ.

ಉಳಿದದ್ದು ಪಡುವಣ ಸಂದಿ. ಮೂರಡಿ ಎರಡಿಂಚು.
ಸಂದಿಗೆ ತೆರೆದದ್ದು ಒಂದೇ ಕಿಟಕಿ,
ಕೆಳಗಿನ ಅಡುಗೆಮನೆಯದು.

ಎತ್ತರ ಹತ್ತೂವರೆ ಅಡಿ,
ಏರು ಏಳಿಂಚು, ಒಟ್ಟು ಹದಿನೆಂಟು.
ಸಿ ಚಾನೆಲ್ ಎರಡು, ತುಳಿಯಲು ಗೀರುತಗಡು.
ಮೇಲೆ ನಾಲ್ಕು ವರ್ಷದ ಹುಡುಗನಿದ್ದಾನೆ,
ಆದ್ದರಿಂದ ಸರಳಿನ ಸಂದು ತೆಂಗಿನಕಾಯಿ ಲೆಕ್ಕ:
ಸುಲಿದ ಕಾಯಿ ತೂರಬಾರದು.
ಕಾಯಿ ತೂರಿದರೆ ತಲೆಯೂ ತೂರುತ್ತೆ,
ತೂರಿದ ತಲೆ ವಾಪಸು ಬರಲ್ಲ.
ಇದು ಅಪ್ಪ ಕಲಿಸಿದ್ದು.
ಪರೀಕ್ಷೆ ಮಾಡಿದ ಕಾಯಿ ಸಂಜೆಗೆ ನಮ್ಮನೆ ಸಾರಿಗೆ.

ಚಾನೆಲ್ ಕತ್ತರಿಸುತ್ತಿದ್ದ ದಿನ
ಅಣ್ಣನ ಹೆಂಡತಿ ಕೆಂಪಾಜಿ ಅಂಗಡಿಗೆ ಬಂದಳು,
ಕೈಚೀಲದಲ್ಲಿ ನುಗ್ಗೆಕಾಯಿ.
ಗ್ರೈಂಡರ್ ನಿಲ್ಲುವವರೆಗೂ ಮಾತಾಡಲಿಲ್ಲ.
"ಐದ್ನೇ ಮೆಟ್ಲತ್ರ, ಕಿಟ್ಕಿ ಮಗ್ಗುಲ್ಗೆ,
ಅಂಗೈ ಅಗಲ ಒಂದು ತಟ್ಟೆ ಕೂರ್ಸಕಾಯ್ತದಾ?"
"ಯಾಕೆ?"
"ಕುಂಡ ಇಕ್ಕಕೆ."
"ಯಾವ ಗಿಡ?"
ಯೋಚಿಸಿದಳು. ತುಂಬಾ ಹೊತ್ತು ಯೋಚಿಸಿದಳು.
"ಯಾವ್ದಾರ ಒಂದು."
"ಯಜಮಾನ್ರಿಗೆ ಹೇಳೋದಾ?"
"ನಿನ್ ಬುಕ್ಕಲ್ ಬರ್ಕೊ. ಅವ್ರು ಓದಕಿಲ್ಲ."

ಬರೆದುಕೊಂಡೆ.
ಬ್ರಾಕೆಟ್ ಒಂದು, ಕುಂಡ ಇಡಲು, ಆರಿಂಚು ಚೌಕ.
ದರದ ಕಾಲಂ ಖಾಲಿ ಬಿಟ್ಟೆ.

ಕೂರಿಸಿದ ದಿನ ಕರೆಂಟು ಹೋಗಿ ಬಂದು
ಕೊನೆಯ ಬೆಸುಗೆ ಮುಸ್ಸಂಜೆಗೆ ಬಿತ್ತು.
ಹುಡುಗ ಮಾಳಿಗೆಯಿಂದ ಬಗ್ಗಿ
ನೀಲಿ ಬೆಳಕನ್ನು ನೋಡಿದ್ದೇ ನೋಡಿದ್ದು,
ಬೈದರೂ ಕದಲಲಿಲ್ಲ.
ಅಫ್ಸರ್ ಕಿಟ್ಟ ಬಡಿದುದುರಿಸಿ
ಕೆಂಪು ಆಕ್ಸೈಡ್ ಬಳಿದ.
ನಡುರಾತ್ರಿ ಹುಡುಗನ ಕಣ್ಣಲ್ಲಿ ಮರಳು.
ಅಳು ಗಾರೆಗೋಡೆ ದಾಟಿ ಕೆಳಗೆ ಬಂತಂತೆ.

ಬೆಳಿಗ್ಗೆ ನಾವು ಎರಡನೇ ಕೋಟಿಗೆ ಹೋದರೆ
ಬ್ರಾಕೆಟ್ಟಿನ ಮೇಲೆ ಒಂದು ಸ್ಟೀಲ್ ಬಟ್ಟಲು,
ತಳದಲ್ಲಿ ಕಪ್ಪಾದ ಎರಡು ಆಲೂಗಡ್ಡೆ ಬಿಲ್ಲೆ.
ಕಣ್ಣ ಮೇಲಿಟ್ಟು ತೆಗೆದವು.
ಬಟ್ಟಲು ಹಸಿ ಬಣ್ಣಕ್ಕೆ ಕಚ್ಚಿಕೊಂಡಿತ್ತು.
ಅಫ್ಸರ್ ನನ್ನ ನೋಡಿದ,
ಬಟ್ಟಲು ಕಿತ್ತು ಕಿಟಕಿಯಲ್ಲಿಟ್ಟ,
ಉಂಗುರದ ಮೇಲೆ ಬ್ರಶ್ ಆಡಿಸಿದ.

ವರ್ಷವಾಯಿತು. ಬಾಕಿ ಸಾವಿರದ ನಾನೂರು.
ಅಣ್ಣ ಅಂದ: "ಮೆಟ್ಲು ಅವನ್ದು, ಅವ್ನೇ ಕೊಡ್ಲಿ."
ತಮ್ಮ ಅಂದ: "ಗ್ವಾಡೆ ಅವನ್ದು, ಅವ್ನ ಕೇಳಿ."
ಇನ್ನೂ ಮಾತಿಲ್ಲ. ಹಬ್ಬಕ್ಕೂ ಇಲ್ಲ.

ಇಳಿಯುವಾಗ ಐದನೇ ಮೆಟ್ಟಿಲಲ್ಲಿ ನಿಂತೆ.
ಕುಂಡ ಇರಲಿಲ್ಲ, ಇದ್ದ ಗುರುತೂ ಇಲ್ಲ,
ಮಣ್ಣಿನ ಒಂದು ಹರಳೂ ಇಲ್ಲ.
ಹಸಿರು ಎನಾಮಲ್ ಸವೆದು
ಕಬ್ಬಿಣ ಬೆಳ್ಳಗೆ ಕಾಣುವ ಎರಡು ಉಂಗುರ,
ಒಂದರ ಮೇಲೊಂದು ಅರ್ಧ ಹತ್ತಿಕೊಂಡು.
ಕೈ ಸುಮ್ಮನಿರದೆ ಟೇಪು ಹಿಡಿದೆ.
ದೊಡ್ಡದು ಮೂರಿಂಚು ಎರಡು ನೂಲು.
ಚಿಕ್ಕದು ಎರಡಿಂಚು, ಲೋಟದ್ದು.
ಯಾವುದು ಕೆಳಗಿನದು, ಯಾವುದು ಮೇಲಿನದು,
ಟೇಪಿನಲ್ಲಿ ಸಿಗಲಿಲ್ಲ.

ಕಿಟಕಿಯೊಳಗೆ ಒಗ್ಗರಣೆ ಸಿಡಿಯಿತು.
"ಬಣ್ಣ ಮುಟ್ಟಿಸ್ಲಾ ಅಕ್ಕ?" ಅಂದ ಅಫ್ಸರ್.
ಬೇಡ ಅಂದೆ.
ಮತ್ತೆ ಬಾಕಿಗೆ ಬಂದಾಗ ನೋಡೋಣ.